ನಮಸ್ಕಾರಕ್ಕೆ ಜಾರಿದ ಕೀಲು

ಅವ್ವನ ಸೊಂಟದ ಕೀಲು ತೆಗೆದು ಲೋಹದ್ದನ್ನು ಕೂರಿಸಿದಾಗ ಪುಣೆಯ ಡಾಕ್ಟರರು ಹೇಳಿದ್ದು ಇಷ್ಟೇ: ಸದ್ಯಕ್ಕೆ ನೆಲದ ಮೇಲೆ ಕೂರಬೇಡಿ, ಬಾಗಬೇಡಿ, ಬಾಗಿದರೆ ಕೀಲಿನ ಚೆಂಡು ಅದರ ಬಟ್ಟಲಿನಿಂದ ಜಾರುತ್ತದೆ. ನಾವೆಲ್ಲ ತಲೆಯಾಡಿಸಿದೆವು. ತಲೆಯಾಡಿಸುವುದರಲ್ಲಿ ನಮ್ಮ ಮನೆತನವನ್ನು ಮೀರಿಸಿದವರಿಲ್ಲ.

ಡಾಕ್ಟರರಿಗೆ ನಮ್ಮ ಸೋದರತ್ತೆಯ ವಿಷಯ ಗೊತ್ತಿರಲಿಲ್ಲ. ಅಪ್ಪನ ಅಕ್ಕ ಆಕೆ. ಅವ್ವನನ್ನು ಮಾತಾಡಿಸಲೆಂದು ವಿಜಾಪುರದಿಂದ ಪುಣೆಯ ಯೆರವಡಾದ ನಮ್ಮ ಮನೆಗೆ ಬಂದಳು. ಗಂಡನ ಅಕ್ಕನ ಕಾಲು ಮುಟ್ಟದ ಸೊಸೆ ನಮ್ಮ ಕಡೆ ಆಗಿನ್ನೂ ಹುಟ್ಟಿರಲಿಲ್ಲ. ಅತ್ತೆ ಖುರ್ಚಿಯಲ್ಲಿ ಕೂತು, “ಬ್ಯಾಡವಾ, ನಿನಗ ಬಗ್ಗಾಕ ಆಗಂಗಿಲ್ಲ, ಬಾಯಿಲೆ ಅಂದ್ರ ಸಾಕು,” ಎಂದಳು. ಅನ್ನುತ್ತಲೇ ಎರಡೂ ಪಾದಗಳನ್ನು ಅನುಕೂಲವಾಗುವಂತೆ ಮುಂದಕ್ಕೆ ಚಾಚಿದಳು.

“ಒಂದ್ ಸಲ ಬಗ್ಗಿದ್ರ ಏನ್ ಆಗ್ತದ್ರಿ ಅಕ್ಕಾರ,” ಎಂದು ಅವ್ವ ಬಾಗಿದಳು.

ಏನಾಗುತ್ತದೆಂದು ಅಲ್ಲೇ ತಿಳಿಯಿತು. ಟಕ್ ಎಂದಿತು. ಅವ್ವ ಮಂಚಕ್ಕೆ ಒರಗಿದಳು. ಕಾಲು ಗಿಡ್ಡಾಗಿ ಒಳಮುಖ ತಿರುಗಿತ್ತು. ಆಶೀರ್ವಾದ ಮಾತ್ರ ಪೂರ್ತಿ ಸಿಕ್ಕಿತು.

ಆಂಬುಲೆನ್ಸಿಗೆ ಫೋನ್ ಮಾಡಲು ನಾನು ಕೆಳಗಿನ ಅಂಗಡಿಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅತ್ತೆ, ಖಾಲಿ ಹೊಟ್ಟೆಯಲ್ಲಿ ನೋವು ತಡೆಯಲಾಗುವುದಿಲ್ಲವೆಂದು, ತಾನು ತಂದ ಶೇಂಗಾ ಉಂಡಿ ತಿನ್ನಿಸಿ ಮೇಲೆ ಹಾಲು ಕುಡಿಸಿದ್ದಳು. ಪ್ರೀತಿಯಲ್ಲಿ ಅವಳ ಕೈ ಯಾವತ್ತೂ ದೊಡ್ಡದು.

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರರು ಅವ್ವ ಏನು ತಿಂದಿದ್ದಾಳೆಂದು ಮರಾಠಿಯಲ್ಲಿ ಕೇಳಿದರು. ಅತ್ತೆ ಹೆಮ್ಮೆಯಿಂದ ಎಲ್ಲ ಹೇಳಿದಳು. ಹೊಟ್ಟೆ ಖಾಲಿಯಾಗುವವರೆಗೆ ಅರಿವಳಿಕೆ ಕೊಡುವಂತಿಲ್ಲ, ತಿಂದದ್ದು ಶ್ವಾಸಕ್ಕೆ ಹೋದರೆ ಜೀವಕ್ಕೇ ಅಪಾಯ ಎಂದರು. ಅರಿವಳಿಕೆ ಇಲ್ಲದೆ ಕಾಲೆಳೆದು ಚೆಂಡು ಕೂರಿಸುವಂತಿಲ್ಲ.

“ಅಲ್ಲೋ, ಉಂಡಿ ತಿಂದದ್ದಕ ಯಾರರೆ ಆಪರೇಶನ್ ನಿಲ್ಲಸ್ತಾರೇನು?” ಎಂದು ಅತ್ತೆ ನನ್ನನ್ನೇ ಗದರಿದಳು.

ಅಷ್ಟರಲ್ಲಿ ಅವ್ವ, “ಪಾದ ಜೋಮು ಹಿಡದದ,” ಎಂದಳು. ಜಾರಿದ ಚೆಂಡು ನರ ಒತ್ತುತ್ತಿದೆ, ತಡವಾದರೆ ಪಾದ ಎತ್ತುವ ಶಕ್ತಿಯೇ ಹೋಗಬಹುದು ಎಂದರು ಮೂಳೆ ಡಾಕ್ಟರರು. ಶೇಂಗಾ ಬೇಗ ಕರಗಲಪ್ಪಾ ಎಂದು ನಾವು ದೇವರನ್ನು ಬೇಡುತ್ತ ಕೂತೆವು. ದೇವರಿಗೂ ಇಂಥ ಅರ್ಜಿ ಹೊಸದಿರಬೇಕು.

ಸಂಜೆ ಚೆಂಡು ಕೂತಿತು. ಅವ್ವನಿಗೆ ಎಚ್ಚರವಾದ ಮೇಲೆ ಡಾಕ್ಟರರು ಪಾದ ಮೇಲೆತ್ತಲು ಹೇಳಿದರು. ಅವ್ವ ಹಲ್ಲು ಕಚ್ಚಿದಳು. ಪಾದ ಅಲುಗಲಿಲ್ಲ. ಅಲುಗಿದ್ದು ನಮ್ಮವು: ಮಂಚದ ಸುತ್ತ ಅಪ್ಪ, ಅತ್ತೆ, ನಾನು ತಿಳಿಯದೆಯೇ ಒಂದೊಂದು ಪಾದ ಎತ್ತಿ ನಿಂತಿದ್ದೆವು.

“ನಿಮ್ ಕಾಲು ಇಳಸ್ರಿ,” ಎಂದಳು ಅವ್ವ. “ಇದು ನಾ ಮಾಡೂ ಕೆಲಸ.”

ಅವಳ ಕಾಲಿನ ಹೆಬ್ಬೆರಳು ತುಸುವೇ ಮೇಲೆದ್ದಿತು. ಇಷ್ಟು ಬಂದರೆ ಉಳಿದದ್ದೂ ನಿಧಾನಕ್ಕೆ ಬರುತ್ತದೆ ಎಂದರು ಡಾಕ್ಟರರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.