ಆಂಟಿಯ ಅಂಗಾಲಿನ ಮೂರು ಗಂಟು

ನೀವು ನಂಬುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ನನಗೆ ಹತ್ತು ವರ್ಷವಾಗಿದ್ದಾಗ ಅಮ್ಮನ ಯೋಗ ಮ್ಯಾಟ್ ಕತ್ತರಿಸಿ ಒಬ್ಬರಿಗೆ ಎರಡು ಹೊಸ ಅಂಗಾಲು ಮಾಡಿಕೊಟ್ಟಿದ್ದೆ.

ಮೊನ್ನೆ ಅಹಮದಾಬಾದಿನ ಹೊರವಲಯದ ಬೋಪಾಲ್‌ನಲ್ಲಿರುವ ನಮ್ಮ ಫ್ಲಾಟಿಗೆ ಹೊಸ ಮ್ಯಾಟ್ ಬಂತು. ಅಮ್ಮ ಪ್ಲಾಸ್ಟಿಕ್ ಹರಿದದ್ದೇ ತಡ, ರಬ್ಬರಿನ ವಾಸನೆ ಮನೆಯೆಲ್ಲ ತುಂಬಿತು. ಅಪ್ಪ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮೂಗರಳಿಸಿದೆ... ಏಳು ವರ್ಷದ ಹಿಂದಿನ ವಡೋದರಾ, ನಮ್ಮ ಹಳೆಯ ಹೌಸಿಂಗ್ ಸೊಸೈಟಿ, ಎದುರುಮನೆ ಆಂಟಿಯ ದಿವಾನ್ ಎಲ್ಲವೂ ಆ ವಾಸನೆಯಲ್ಲಿ ಸುರುಳಿ ಬಿಚ್ಚಿಕೊಂಡು ಬಂದವು.

ಆಂಟಿಯೂ ನಮ್ಮಂತೆ ಕನ್ನಡದವರು, ಹುಬ್ಬಳ್ಳಿ ಕಡೆಯವರು. ಅಂಕಲ್ ಮಕರಪುರದ ಯಾವುದೋ ಕಾರ್ಖಾನೆಯಲ್ಲಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಮನೆ. ಅವರ ಗುಜರಾತಿ ಮಾತಿನಲ್ಲಿ ಹುಬ್ಬಳ್ಳಿಯ ರೊಟ್ಟಿ ತಟ್ಟುವ ಸದ್ದಿತ್ತು, ಆದರೆ ಗರ್ಬಾ ಕುಣಿಯಲು ನಿಂತರೆ ಹುಟ್ಟಾ ಗುಜರಾತಿಯರೂ ಪಕ್ಕಕ್ಕೆ ಸರಿದು ನೋಡುತ್ತಿದ್ದರು. ಸೊಸೈಟಿಯ ಮಕ್ಕಳಿಗೆಲ್ಲ ಹೆಜ್ಜೆ ಕಲಿಸಿದ್ದು ಅವರೇ. ನನಗೆ ಕಲಿಸಲು ಮೂರು ವರ್ಷ ಹಿಡಿಯಿತು, ಅದು ಬೇರೆ ವಿಷಯ. ಇಡೀ ಸುತ್ತು ಬಲಕ್ಕೆ ಹೋಗುವಾಗ ನಾನೊಬ್ಬಳೇ ಎಡಕ್ಕೆ ಹೋಗಿ ಕನಿಷ್ಠ ನಾಲ್ಕು ಜನರ ಮೂಗಿಗೆ ಡಿಕ್ಕಿ ಹೊಡೆಯುತ್ತಿದ್ದೆ.

ಆ ಗಂಟುಗಳು ಮೊದಲು ಕಣ್ಣಿಗೆ ಬಿದ್ದದ್ದು ಕಣ್ಣಾಮುಚ್ಚಾಲೆ ಆಡುವಾಗ. ನಾನು ಅವರ ದಿವಾನಿನ ಕೆಳಗೆ ಅಡಗಿದ್ದೆ. ಆಂಟಿ ಬಂದು ನೆಲದ ಮೇಲೆ ಕೂತು, ಕಾಲು ಚಾಚಿ, ಬಿಸಿ ಹರಳೆಣ್ಣೆ ಹಚ್ಚಿಕೊಳ್ಳತೊಡಗಿದರು. ಅಂಗಾಲು ನನ್ನ ಮೂಗಿಗೆ ಒಂದು ಗೇಣು ದೂರ. ಬಲಗಾಲಿನ ನಡುವೆ ಎರಡು, ಎಡಗಾಲಿನಲ್ಲಿ ಒಂದು, ಚರ್ಮದ ಅಡಿಯಿಂದ ಯಾರೋ ಅಡಿಕೆ ತುರುಕಿದ ಹಾಗೆ ಗಂಟು. ಸುತ್ತ ಚರ್ಮ ಕೆಂಪಾಗಿತ್ತು. ಬೆರಳು ತಾಗಿದಾಗ ಆಂಟಿ ಸೆರಗಿನ ತುದಿ ಕಚ್ಚಿಕೊಂಡರು. ನನಗೆ ಸೀನು ಬಂತು.

"ಏ ಖೋಡಿ! ಹೊರಗ ಬಾ!"

ಬಂದೆ. ಮುಟ್ಟಬಹುದಾ ಎಂದು ಕೇಳಿದೆ. ಅವರಿಗೆ ನಗು ಬಂತು.

"ಆಣಿನಾ ಆಂಟಿ?"

"ನಾನೂ ಹಂಗ ತಿಳ್ಕೊಂಡಿದ್ದೆ. ಎಷ್ಟು ಕಾರ್ನ್ ಕ್ಯಾಪ್ ಹಚ್ಚಿದೆ! ಡಾಕ್ಟರ್ ಅಂದ್ರು, ಇದು ಆಣಿ ಅಲ್ಲ, ಒಳಗ ನರದಾಗ ಗಂಟು ಬೆಳದೈತಿ ಅಂತ. ನಿಂತರ ಸಾಕು, ಗೋಲಿ ಮ್ಯಾಲೆ ನಿಂತಂಗ ಆಕ್ಕೈತಿ."

ದಸರಾ ಮುಗಿದ ಮೇಲೆ ಆಪರೇಷನ್ ಎಂದು ಗೊತ್ತಾಗಿತ್ತು. ಅಲ್ಲಿಯವರೆಗೆ ಕುಣಿಯುವ ಹಾಗಿಲ್ಲ ಎಂದು ಅಂಕಲ್ ಹೇಳಿಬಿಟ್ಟಿದ್ದರು. ಆದರೆ ಅಂಕಲ್ ರಿಟೈರ್ ಆಗುವ ವರ್ಷವೂ ಅದೇ. ದೀಪಾವಳಿಗೆ ಮುಂಚೆ ಅವರು ವಡೋದರಾ ಬಿಟ್ಟು ಹೊರಡುವವರಿದ್ದರು. ಅದಕ್ಕೇ ಸೊಸೈಟಿಯ ಹೆಂಗಸರೆಲ್ಲ ಸೇರಿ, ಅಷ್ಟಮಿಯ ಸಂಜೆ ಗರ್ಬೊ ಹೊರುವ ಗೌರವ ಈ ಸಲ ಆಂಟಿಗೆ ಎಂದು ತೀರ್ಮಾನಿಸಿದ್ದರು. ಒಂದೇ ಸುತ್ತು ಎಂದ ಮೇಲೆ ಅಂಕಲ್ ಕೂಡ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ಗರ್ಬೊ ಅಂದರೆ ತೂತುತೂತಿನ ಮಣ್ಣಿನ ಗಡಿಗೆ, ಒಳಗೆ ಉರಿಯುವ ದೀಪ. ಅದನ್ನು ತಲೆಯ ಮೇಲಿಟ್ಟುಕೊಂಡು ಮಾತಾಜಿಯ, ಅಂದರೆ ದೇವಿಯ ಫೋಟೋದ ಸುತ್ತ ಮೊದಲ ಸುತ್ತು ಕುಣಿಯಬೇಕು. ಬರಿಗಾಲಿನಲ್ಲಿ. ಅಲ್ಲಿ ಚಪ್ಪಲಿ ಹಾಕಿದವರನ್ನು ನಮ್ಮ ಸೆಕ್ರೆಟರಿಯ ತಾಯಿ ಕಣ್ಣಿನಲ್ಲೇ ಸುಟ್ಟುಬಿಡುತ್ತಿದ್ದರು.

"ಇಪ್ಪತ್ತೆರಡು ವರ್ಷ ಆತು ನೋಡು," ಎಂದರು ಆಂಟಿ. "ಮೊದಲನೇ ವರ್ಷ ನಾ ಕುಣಿಯಾಕ ಹೋದಾಗ ಎಲ್ಲಾರೂ ನಕ್ಕಿದ್ರು. ಈಗ ಅವರ ಗರ್ಬೊ ತಂದು ನನ್ನ ತಲೀ ಮ್ಯಾಲೆ ಇಡತಾರ. ಒಂದ ಸುತ್ತು. ಒಂದ ಸುತ್ತು ಹಾಕಿದರ ಸಾಕವ್ವ ನನಗ."

ಆಗ ಬೆಳಗಿತು ನನ್ನ ಮಹಾನ್ ತಲೆ. ಯೋಗ ಮ್ಯಾಟನ್ನು ಪಾದದ ಆಕಾರಕ್ಕೆ ಕತ್ತರಿಸುವುದು. ಗಂಟು ಇರುವಲ್ಲಿ ದುಂಡಗೆ ತೂತು ಮಾಡುವುದು. ಆಗ ಭಾರ ಸುತ್ತಲೂ ಬೀಳುತ್ತದೆ, ಗಂಟು ತೂತಿನಲ್ಲಿ ಆರಾಮಾಗಿ ಕೂರುತ್ತದೆ. ಎರಡೂ ಕಡೆ ಅಂಟುವ ಟೇಪಿನಿಂದ ಅಂಗಾಲಿಗೇ ಅಂಟಿಸಿದರೆ ಯಾರಿಗೂ ಕಾಣುವುದಿಲ್ಲ. ಅಮ್ಮನ ಮ್ಯಾಟ್ ಬೀರುವಿನ ಹಿಂದೆ ವರ್ಷದಿಂದ ಧ್ಯಾನ ಮಾಡುತ್ತ ನಿಂತಿತ್ತು.

ಆಂಟಿಗೆ ಒಂದೇ ಅನುಮಾನ. "ಇದು ಚಪ್ಪಲಿ ಆತಲ್ಲ? ಮಾತಾಜಿ ಮುಂದ ಮೋಸ ಮಾಡಿದಂಗ ಆಗೂದಿಲ್ಲಾ?"

"ಪಟ್ಟಿ ಇಲ್ಲದಿದ್ರೆ ಚಪ್ಪಲಿ ಅಲ್ಲ ಆಂಟಿ," ಎಂದೆ, ಹೈಕೋರ್ಟ್ ಜಡ್ಜ್ ಥರ.

ಆಂಟಿ ಅಂಗಾಲನ್ನೊಮ್ಮೆ ಸವರಿಕೊಂಡರು. "ಬ್ಯಾಂಡೇಜ್ ಅಂತ ತಿಳ್ಕೊಳ್ಳೂಣು. ಬ್ಯಾಂಡೇಜಿಗೆ ದೇವರು ಸಿಟ್ಟಾಗೂದಿಲ್ಲ. ಆದ್ರ ಯಾರ ಮುಂದನೂ ಬಾಯಿ ಬಿಡಬ್ಯಾಡ, ಹಾಂ?"

ತಾಯಾಣೆ ಎಂದೆ. ಆ ಆಣೆಯನ್ನು ಪೂರ್ತಿ ಒಂದೂವರೆ ದಿನ ಕಾಪಾಡಿದೆ. ನನ್ನ ಮಟ್ಟಿಗೆ ಅದು ದಾಖಲೆ.

ಮೂರನೇ ಮಹಡಿಯ ಗೆಳತಿಗೆ ಮೊದಲು ಹೇಳಿದೆ, "ತು ಮಾನೀಶ್ ನಹೀ!", ನೀನು ನಂಬುವುದಿಲ್ಲ, ಎಂದು ಶುರು ಮಾಡಿ. ಅಡಿಕೆಯಷ್ಟು ಎಂದಿದ್ದರೆ ಸಾಕಿತ್ತು. ಆದರೆ ಅವಳು ಅಷ್ಟೇನಾ ಎಂಬಂತೆ ನೋಡಿದಳು. ನಿಂಬೆಹಣ್ಣು ಎಂದೆ. ಪಾರ್ಕಿಂಗ್‌ನಲ್ಲಿ ಇನ್ನಿಬ್ಬರು ಸೇರಿಕೊಂಡರು. ಮೋಸಂಬಿ ಎಂದೆ. ಐವರಾದಾಗ ಡಾಕ್ಟರ್ ಗರಗಸ ಚೂಪು ಮಾಡುತ್ತಿದ್ದರು. ಅವರ ಬಾಯಿ ತೆರೆದುಕೊಂಡದ್ದನ್ನು ನೋಡುವ ಸುಖ ಇದೆಯಲ್ಲ... ಅದಕ್ಕಾಗಿ ನಾನು ಆಂಟಿಯ ಕಾಲನ್ನೇ ಕೊಟ್ಟುಬಿಟ್ಟೆ.

ಅಷ್ಟಮಿಯ ಸಂಜೆ ಆರಕ್ಕೆ ಅವರ ಮನೆಗೆ ಹೋದೆ. ಅಂಕಲ್ ಕೆಳಗೆ ಕುರ್ಚಿ ಜೋಡಿಸಲು ಹೋಗಿದ್ದರು. ಆಂಟಿ ಹಸಿರು ಇಳಕಲ್ ಸೀರೆಯನ್ನು ಗುಜರಾತಿ ಥರ ಬಲ ಭುಜದ ಮೇಲಿಂದ ಸೆರಗು ತಂದು ಉಟ್ಟಿದ್ದರು. ದಿವಾನಿನ ಮೇಲೆ ಕೂತು ಪಾದವನ್ನು ನನ್ನ ಮಡಿಲಿಗೆ ಕೊಟ್ಟರು. ಬಲಗಾಲಿಗೆ ಅಂಟಿಸಿದೆ. ನಿಂತು ನೋಡಿದರು. ಒಂದು ಹೆಜ್ಜೆ, ಎರಡು ಹೆಜ್ಜೆ, ಒಂದು ಚಪ್ಪಾಳೆ. ಮುಖದಲ್ಲಿ ನಿಧಾನಕ್ಕೆ ನಗು ಹರಡಿತು.

"ನೋವಿಲ್ಲ ಖೋಡಿ! ಖರೇನ ನೋವಿಲ್ಲ!"

ಎಡಗಾಲಿನ ಟೇಪ್ ಬಿಚ್ಚುತ್ತಿದ್ದೆ. ಬಾಗಿಲು ತೆರೆಯಿತು. ಅಮ್ಮ. ಹಿಂದೆ ಅಂಕಲ್. ಅಮ್ಮನ ಕಣ್ಣಲ್ಲಿ ನೀರು.

"ಅಕ್ಕಾ, ಕಾಲು ತೆಗೀತಾರಂತೆ? ಕೆಳಗೆ ಎಲ್ಲರೂ ಹೇಳ್ತಿದಾರೆ. ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ? ಇಂಥ ಕಾಲಲ್ಲಿ ತಲೆ ಮೇಲೆ ದೀಪ ಇಟ್ಕೊಂಡು ಕುಣಿಯೋದಾ?"

"ಯಾರ್ ಹೇಳಿದ್ರು ವೈನಿ? ಕಾಲೇನ್ ತಗಿಯೂದಿಲ್ಲ. ಸಣ್ಣ ಗಂಟು..."

ಅಂಕಲ್ ಬಗ್ಗಿ ಎಡಗಾಲನ್ನು ಎತ್ತಿ ನೋಡಿದರು. ಅದು ಅಷ್ಟು ಕೆಂಪಾಗಿದೆಯೆಂದು ಅವರಿಗೂ ಗೊತ್ತಿರಲಿಲ್ಲವೇನೋ. ಬೈಯಲಿಲ್ಲ. "ಬ್ಯಾಡ ಬಿಡು," ಎಂದರು ಅಷ್ಟೇ. ಆಂಟಿ ಅವರ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಮತ್ತೆ ತಾವೇ ಬಲಗಾಲಿನ ಮ್ಯಾಟ್ ಕಿತ್ತು ತೆಗೆದರು.

ಗರ್ಬೊ ಆ ಸಂಜೆ ಬೇರೆಯವರ ತಲೆ ಏರಿತು. ಆಂಟಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಕಾಲು ಸ್ಟೂಲಿನ ಮೇಲಿತ್ತು. ಕೆಳಗೆ ಢೋಲು ಬಾರಿಸಿದಷ್ಟು ಹೊತ್ತೂ ಆ ಹತ್ತು ಬೆರಳು ತಾಳ ತಪ್ಪದೆ ಕುಣಿಯುತ್ತಲೇ ಇದ್ದವು.

ಆಪರೇಷನ್ ಚೆನ್ನಾಗಿಯೇ ಆಯಿತು. ಹುಬ್ಬಳ್ಳಿಗೆ ಹೊರಟ ದಿನ ಆಂಟಿ ನನ್ನ ತಲೆ ನೇವರಿಸುತ್ತ ಅಮ್ಮನಿಗೆ ಹೇಳಿದರು: "ಮ್ಯಾಟಿನ ಸಲುವಾಗಿ ಈ ಖೋಡಿಗೆ ಬೈಬ್ಯಾಡ್ರಿ. ಬಾಯಿ ಜೋರಿದ್ರೂ ನನ್ನ ಮಾತು ಉಳಿಸ್ಯಾಳ ಇಕಿ. ದವಾಖಾನಿ ಕಡಿಯಿಂದ ಯಾರೋ ಸುದ್ದಿ ಮುಟ್ಟಿಸ್ಯಾರ." ಅಮ್ಮನಿಗೆ ಎಲ್ಲ ಗೊತ್ತಿತ್ತು. ನನ್ನನ್ನು ನೋಡಿದಳು. ನಾನು ಆಂಟಿಯ ಬ್ಯಾಗ್ ಎತ್ತಿಕೊಂಡು ಗೇಟಿನ ಕಡೆ ನಡೆದೆ.

ಆಮೇಲೆ ಪ್ರತಿ ನವರಾತ್ರಿಗೂ ಫೋನ್ ಬರುತ್ತಿತ್ತು. "ಎಷ್ಟು ಸುತ್ತು ಹಾಕಿದಿ ಖೋಡಿ?" ಎರಡು ಹಾಕಿದ್ದರೆ ಇಪ್ಪತ್ತು ಎನ್ನುತ್ತಿದ್ದೆ. "ಸುಳ್ಳು ಬುರುಕಿ!" ಎಂದು ನಗುತ್ತಿದ್ದರು, ಮತ್ತೆ ಹೇಳು ಎನ್ನುತ್ತಿದ್ದರು. ಹುಬ್ಬಳ್ಳಿಯಲ್ಲಿ ಅವರು ಎಲ್ಲೂ ಕುಣಿಯಲೇ ಇಲ್ಲ. ಸುದ್ದಿ ಹಬ್ಬಿಸಿದ್ದು ನಾನೇ ಎಂಬ ಆ ಒಂದು ನಿಜವನ್ನು ಈ ವರ್ಷ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ... ಪ್ರತಿ ವರ್ಷ.

ಕಳೆದ ಬೇಸಿಗೆಯಲ್ಲಿ, ಆಂಟಿ ಇನ್ನಿಲ್ಲ ಎಂದು ಫೋನ್ ಮಾಡಿದವರು ಅಂಕಲ್. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೇಳಿಸಿಕೊಂಡಳು.

ಈ ನವರಾತ್ರಿಗೆ ಬೋಪಾಲ್‌ನಲ್ಲಿ ನಾನು ಏಳು ಸುತ್ತು ಹಾಕಿದೆ. ಏಳೇ. ಯಾರೂ ಕೇಳಲಿಲ್ಲ.