ಹನ್ನೊಂದು ವಾರ ಮೊದಲ ಸ್ಥಾನದಲ್ಲಿದ್ದ ಹಾಡು

1999ರ ಜೂನ್‌ನಿಂದ ಐದು ವರ್ಷ ನಾನು ಉಡುಪಿಯ ಕಡಿಯಾಳಿಯಲ್ಲಿದ್ದ ಒಂದು ಸಣ್ಣ ಕೇಬಲ್ ಚಾನೆಲ್ಲಿನಲ್ಲಿ ಕೆಲಸ ಮಾಡಿದೆ. ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆ ‘ಕಾರ್ಯಕ್ರಮ ಸಹಾಯಕಿ’ ಎಂದಿತ್ತು. ನಿಮ್ಮ ಅಜ್ಜ ತೀರಿಕೊಂಡು ಆಗ ಮೂರು ವರ್ಷವಾಗಿತ್ತು, ನಿಮ್ಮ ಅಮ್ಮನಿಗೆ ಹದಿನಾಲ್ಕು ನಡೆಯುತ್ತಿತ್ತು. ಕಾಪುವಿನ ಹಳ್ಳಿಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಓದಿದ ನನಗೆ ಆ ಕೆಲಸ ಸಿಕ್ಕಿದ್ದು ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಯಾರ ಎದುರೂ ಮಾತಾಡಬೇಕಾಗಿಲ್ಲ, ಒಳಗಿನ ಕೋಣೆಯಲ್ಲಿ ಕೂತು ಬರೆದರೆ ಸಾಕು ಎಂದು ಗೊತ್ತಾದ ಮೇಲೆಯೇ ನಾನು ಒಪ್ಪಿದ್ದು.

ಪ್ರತಿ ಶನಿವಾರ ಸಂಜೆ ಏಳು ಗಂಟೆಗೆ ನಮ್ಮ ಚಾನೆಲ್ಲಿನಲ್ಲಿ ವಾರದ ಹತ್ತು ಹಿಟ್ ಹಾಡುಗಳು ಬರುತ್ತಿದ್ದವು. ಜನ ತಮಗೆ ಬೇಕಾದ ಹಾಡಿನ ಹೆಸರನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಬೇಕು. ಹೆಚ್ಚು ಕಾರ್ಡು ಬಂದ ಹಾಡಿಗೆ ಮೊದಲ ಸ್ಥಾನ. ಕಾರ್ಡುಗಳನ್ನು ವಿಂಗಡಿಸಿ ಎಣಿಸುವುದು ನನ್ನ ಕೆಲಸ. ಕಳಿಸಿದವರ ಹೆಸರು ಮತ್ತು ಪೂರ್ತಿ ವಿಳಾಸ ಇಲ್ಲದ ಕಾರ್ಡು ರದ್ದು, ಏಕೆಂದರೆ ವಾರಕ್ಕೊಮ್ಮೆ ಒಂದು ಕಾರ್ಡನ್ನು ಎತ್ತಿ ಅವರಿಗೆ ಸ್ಟೀಲಿನ ಟಿಫಿನ್ ಡಬ್ಬಿ ಬಹುಮಾನ ಕೊಡುತ್ತಿದ್ದೆವು. ಕಾರ್ಡಿನ ಕೊನೆಗೆ ‘ಈ ಹಾಡು ಇಂಥವರಿಗೆ, ಇಂಥವರಿಂದ’ ಎಂದು ಬರೆದಿದ್ದರೆ ಅದು ಹಾಡಿನ ಕೆಳಗೆ ಓಡುವ ಅಕ್ಷರಗಳಲ್ಲಿ ಬರುತ್ತಿತ್ತು. ಅದಕ್ಕೆ ಸ್ಕ್ರಾಲ್ ಎನ್ನುತ್ತಾರೆ. ಸ್ಕ್ರಾಲಿಗೆ ಹೋಗಬೇಕಾದ ಸಾಲುಗಳನ್ನು ಆರಿಸಿ ಶುದ್ಧಪ್ರತಿ ಬರೆದುಕೊಡುವವಳೂ ನಾನೇ.

ನಮ್ಮ ಕಡೆ ಮನೆಯಲ್ಲಿ ತುಳು ಮಾತಾಡಿದರೂ ಕಾಗದ ಬರೆಯುವುದು ಕನ್ನಡದಲ್ಲಿ. ಹಾಗಾಗಿ ಹಿಂದಿ ಆಲ್ಬಂ ಹಾಡುಗಳೂ ಕನ್ನಡ ಅಕ್ಷರದಲ್ಲಿ, ಕಿವಿಗೆ ಕೇಳಿದ ಹಾಗೆ ಬರುತ್ತಿದ್ದವು. ಒಂದೇ ಹಾಡು ಆರು ಬಗೆಯ ಕಾಗುಣಿತದಲ್ಲಿ ಬಂದು, ಅವು ಆರು ಹಾಡುಗಳೆಂದು ನಾನು ಮೊದಲ ತಿಂಗಳು ಬೇರೆ ಬೇರೆ ಕಟ್ಟಿಟ್ಟಿದ್ದುಂಟು. ಅರ್ಥ ಬರೆದವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೋದ ತಿಂಗಳು ನೀವಿಬ್ಬರೂ ಕಾಲೇಜಿನ ಹಳೆಯ ಹಾಡುಗಳ ದಿನಕ್ಕೆಂದು, “ಅಜ್ಜಿ, ಆಗಿನ ಹಾಡುಗಳೆಲ್ಲ ಚಿನ್ನ ಅಲ್ವಾ, ನೀವು ಎಣಿಸಿದವರು, ಹತ್ತು ಹಾಡು ಹೇಳಿ” ಎಂದು ಕೇಳಿದಿರಿ. ಎಲ್ಲವೂ ಚಿನ್ನವಾಗಿರಲಿಲ್ಲ. ಹತ್ತರಲ್ಲಿ ನಾಲ್ಕಕ್ಕೆ ಕೀಬೋರ್ಡಿನ ಒಂದೇ ಡೋಲಿನ ಸದ್ದು. ಒಂದೆರಡು ದುಃಖದ ಹಾಡುಗಳು ಈಗಲೂ ಎದೆಗೆ ತಾಗುತ್ತವೆ. ಉಳಿದವುಗಳಲ್ಲಿ ಹುಡುಗ ಹಿಂಬಾಲಿಸುತ್ತಾನೆ, ಹುಡುಗಿ ಸಿಟ್ಟು ಮಾಡುತ್ತಾಳೆ, ಮೂರನೆಯ ಚರಣಕ್ಕೆ ಸೋಲುತ್ತಾಳೆ. ನೀವು ಫೋನಿನಲ್ಲಿ ಹುಡುಕಿ ತಂದ ಪಟ್ಟಿಯ ಮೇಲ್ಗಡೆಯೇ ಇದ್ದ ಹಾಡನ್ನು ನೋಡಿ ನಾನು ಎದ್ದು ಒಳಗೆ ಹೋದೆ. ಯಾಕೆಂದು ಬಾಯಲ್ಲಿ ಹೇಳಲಾಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಆ ಹಾಡಿನಲ್ಲಿ ಹುಡುಗಿಯ ಹೆಸರು ಪ್ರಫುಲ್ಲಾ. ಬರೆದವರು ಆ ಹೆಸರನ್ನು ಆರಿಸಿದ್ದು ಗಲ್ಲ, ಬೆಲ್ಲ, ಇಲ್ಲ ಎಂಬ ಮಾತುಗಳಿಗೆ ಪ್ರಾಸ ಕೂಡುತ್ತದೆ ಎಂದಷ್ಟೇ ಇರಬೇಕು. ಹಾಡಿನುದ್ದಕ್ಕೂ ಹುಡುಗಿಗೆ ಇರುವುದು ಒಂದೇ ಮಾತು, ‘ಇಲ್ಲ’. ಮೂರು ಸಲ ಹೇಳುತ್ತಾಳೆ. ಪ್ರತಿ ಸಲವೂ ನಾಯಕನ ಗೆಳೆಯರು ಸಿಳ್ಳೆ ಹೊಡೆದು ಅವಳ ‘ಇಲ್ಲ’ ಬೆಲ್ಲದಷ್ಟು ಸಿಹಿ ಎನ್ನುತ್ತಾರೆ. ರಾಗ ಮಾತ್ರ ಹಿಡಿದರೆ ಬಿಡುವಂಥದಲ್ಲ. ನಿಮ್ಮ ಅಮ್ಮನಿಗೆ ಜಡೆ ಹಾಕುತ್ತಾ ನಾನೂ ಅದನ್ನು ಗುನುಗಿದವಳೇ. ನಾನು ಸೇರಿದ ವರ್ಷವೇ ಸೆಪ್ಟೆಂಬರಿನಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡು ನವೆಂಬರ್ ಕಳೆಯುತ್ತಾ ಬಂದರೂ ಇಳಿಯಲಿಲ್ಲ.

ಹತ್ತನೆಯ ವಾರ ಮುಗಿದ ಮಂಗಳವಾರ ಬೈಲೂರಿನಿಂದ ಗಿರಿಜಾ ಎಂಬ ಹೆಂಗಸು ಆಫೀಸಿಗೆ ಬಂದರು. ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಕೆಲಸ ಅವರದು. ಬೀಜದ ಎಣ್ಣೆಗೆ ಬೆರಳುಗಳು ಕಪ್ಪಾಗಿದ್ದವು. ಯಜಮಾನರು ಹೊರಗೆ ಹೋಗಿದ್ದರಿಂದ ನಾನೇ ಕೂರಿಸಿದೆ.

“ನೀವು ಹಾಡು ಹಾಕುವುದು ಬೇಡ ಅಂತ ನಾನು ಹೇಳುವುದಿಲ್ಲ ಅಕ್ಕ,” ಎಂದರು. “ನನ್ನ ಮಗಳ ಹೆಸರಿನ ಜೊತೆ ಬಸ್ಸಿನ ಟೈಮ್ ಹಾಕಿದ್ದು ಯಾರು? ಅದೊಂದು ಹೇಳಿ.”

ನನಗೆ ಕೂಡಲೇ ನೆನಪಾಯಿತು. ‘ಕಾರ್ಕಳದಿಂದ ಹೊರಡುವ 7.40ರ ಬಸ್ಸಿಗೆ ಬೈಲೂರಿನಲ್ಲಿ ಹತ್ತುವ ಪ್ರಫುಲ್ಲಾಗೆ, ಹಿಂದಿನ ಸೀಟಿನ ಅಭಿಮಾನಿಗಳಿಂದ.’ ನಾಲ್ಕು ವಾರ ನಾನೇ ಆ ಸಾಲನ್ನು ದುಂಡಗೆ ಬರೆದು ಕೊಟ್ಟಿದ್ದೆ. ಗೆಳೆಯರ ತಮಾಷೆ ಎಂದುಕೊಂಡಿದ್ದೆ. ಹುಡುಗಿಗೆ ಖುಷಿಯಾಗಬಹುದು ಎಂದೂ ಅಂದುಕೊಂಡಿದ್ದೆ.

ಪ್ರಫುಲ್ಲಾ ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಎರಡನೆಯ ವರ್ಷದಲ್ಲಿದ್ದಳು. ಪರೀಕ್ಷೆಗೆ ಆರು ವಾರ ಉಳಿದಿತ್ತು. ಅವಳು ಬಸ್ಸು ಹತ್ತಿದ ಕೂಡಲೇ ಆ ಹಾಡು ಹಾಕುತ್ತಾರಂತೆ, ಹಿಂದಿನಿಂದ ಸಿಳ್ಳೆ. ಟಿವಿಯಲ್ಲಿ ಬಸ್ಸಿನ ಹೊತ್ತು ಬಂದ ಮೇಲೆ ಬೇರೆ ಊರಿನ ಹುಡುಗರೂ ಅವಳನ್ನು ನೋಡಲೆಂದೇ ಆ ಬಸ್ಸು ಹತ್ತತೊಡಗಿದ್ದರು. ತಂದೆ ಹೇಳಿಬಿಟ್ಟಿದ್ದರು, ಬರುವ ಶನಿವಾರವೂ ಹೆಸರು ಬಂದರೆ ಸೋಮವಾರದಿಂದ ಓದು ಸಾಕು, ಮನೆಯಲ್ಲಿರು ಎಂದು.

“ಯಾರು ಬರೆದದ್ದು?” ಎಂದು ಗಿರಿಜಕ್ಕ ಪುನಃ ಕೇಳಿದರು.

“ವಿಚಾರಿಸಿ ನೋಡುತ್ತೇನೆ,” ಎಂದೆ. ಬರೆದುಕೊಟ್ಟವಳು ನಾನೇ ಎಂದು ಹೇಳಲಿಲ್ಲ.

ಮರುದಿನ ಹಳೆಯ ಕಾರ್ಡುಗಳ ಕಟ್ಟುಗಳನ್ನು ಬಿಚ್ಚಿ ನೆಲದ ಮೇಲೆ ಹರಡಿದೆ. ಹಿಂದಿನ ವಾರ ಆ ಹಾಡಿಗೆ ಬಂದಿದ್ದು 186 ಕಾರ್ಡು. ಅದರಲ್ಲಿ 97 ಕಾರ್ಡುಗಳು ಮೂರೇ ಕೈಬರಹದಲ್ಲಿದ್ದವು. ಎಣಿಸುವಾಗ ನಾನು ಹಾಡಿನ ಹೆಸರು ನೋಡುತ್ತಿದ್ದೆ, ವಿಳಾಸ ಇದೆಯೇ ಎಂದು ನೋಡುತ್ತಿದ್ದೆ, ಬರಹ ನೋಡಿರಲಿಲ್ಲ. ಅಕ್ಷರ ಚಂದವೆಂದು ಕೆಲಸ ಸಿಕ್ಕಿದವಳು ಬೇರೆಯವರ ಅಕ್ಷರವನ್ನು ನೋಡಿರಲಿಲ್ಲ. ಕೆಲವು ಕಾರ್ಡುಗಳಲ್ಲಿ ಇನ್ನೂ ಏನೇನೋ ಇತ್ತು. ಅವನ್ನು ಅಸಭ್ಯವೆಂದು ಬದಿಗಿಟ್ಟು, ಅದೇ ಕೈ ಬರೆದ ‘ಒಳ್ಳೆಯ’ ಸಾಲನ್ನು ನಾನು ಸ್ಕ್ರಾಲಿಗೆ ಕೊಟ್ಟಿದ್ದೆ.

ಗುರುವಾರ ಯಜಮಾನರಾದ ವಿಠಲಣ್ಣನ ಮೇಜಿನ ಮೇಲೆ ಕಾರ್ಡುಗಳನ್ನು ಇಟ್ಟೆ. ಅವರು ಕೆಟ್ಟವರಲ್ಲ, ಅವಸರದವರು.

“ಎಂತ ಕಲ್ಯಾಣಿಯಕ್ಕ, ಕಾರ್ಡು ಅಂದರೆ ಕಾರ್ಡು. ಬರಹ ಪರೀಕ್ಷೆ ಮಾಡಲಿಕ್ಕೆ ನಾವು ಪೊಲೀಸರಾ?”

“ಹುಡುಗಿಯ ಓದು ನಿಲ್ಲುತ್ತದೆ,” ಎಂದೆ.

“ಸ್ಕ್ರಾಲ್ ತೆಗೆಯುವ. ಹಾಡು ತೆಗೆಯಲಿಕ್ಕೆ ಆಗುವುದಿಲ್ಲ. ಆ 97 ಬಿಟ್ಟರೂ ಉಳಿದದ್ದು ಉಂಟಲ್ಲ, ಎರಡನೆಯ ಹಾಡಿಗಿಂತ ನಾಲ್ಕು ಜಾಸ್ತಿಯೇ.”

ಅದು ನಿಜವಾಗಿತ್ತು. ಹಾಡು ಸಾಕಷ್ಟು ಜನರಿಗೆ ಇಷ್ಟವಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಶನಿವಾರ ಹನ್ನೊಂದನೆಯ ವಾರಕ್ಕೂ ಅದೇ ಹಾಡು ಮೊದಲು ಬಂತು, ಹೆಸರು ಓಡಲಿಲ್ಲ. ಕಾರ್ಯಕ್ರಮ ಮುಗಿಯುತ್ತಲೇ ಗಿರಿಜಕ್ಕ ಬೂತಿನಿಂದ ಫೋನ್ ಮಾಡಿದರು. “ಇವರು ಸೋಮವಾರ ಒಂದು ದಿನ ನೋಡುವ ಅಂದಿದ್ದಾರೆ ಅಕ್ಕ. ಬಸ್ಸಿನಲ್ಲಿ ಪುನಃ ಹಾಗೇ ಆದರೆ ಮುಗಿಯಿತು.”

ಬಸ್ಸು ನಮ್ಮ ಚಾನೆಲ್ಲಿನದ್ದಲ್ಲ. ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಳ್ಳಬಹುದಿತ್ತು. ಆದರೆ ಇನ್ನೆರಡು ವರ್ಷಕ್ಕೆ ನನ್ನ ಮಗಳೂ ಕಾಲೇಜಿಗೆ ಬಸ್ಸು ಹತ್ತುವವಳು ಎಂಬುದು ತಲೆಯಿಂದ ಹೋಗಲಿಲ್ಲ. ಭಾನುವಾರ ನಿಮ್ಮ ಅಮ್ಮನನ್ನು ಪಕ್ಕದ ಮನೆಯವರ ಜೊತೆ ಬಿಟ್ಟು ಕಾರ್ಕಳದಲ್ಲಿದ್ದ ನನ್ನ ಅಕ್ಕನ ಮನೆಗೆ ಹೋದೆ. ಚೀಲದಲ್ಲಿ ಅಸಭ್ಯವೆಂದು ಬದಿಗಿಟ್ಟಿದ್ದ ಆ ಕಾರ್ಡುಗಳಿದ್ದವು. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆ ಹುಡುಗರು ಆಫೀಸಿಗೆ ಬಂದರೆ, ಗಂಡನಿಲ್ಲದವಳ ಬಗ್ಗೆ ಊರಿನಲ್ಲಿ ಏನಾದರೂ ಹಬ್ಬಿಸಿದರೆ ಎಂಬ ಹೆದರಿಕೆಯೂ ಇತ್ತು.

ಸೋಮವಾರ 7.40ರ ಬಸ್ಸಿನಲ್ಲಿ ಹಿಂದಿನ ಬಾಗಿಲಿನ ಹತ್ತಿರ ಕೂತೆ. ಮೂವರು ಹುಡುಗರು ಕಾರ್ಕಳದಲ್ಲೇ ಹತ್ತಿ ಕೊನೆಯ ಸೀಟು ಹಿಡಿದರು. ಒಳ್ಳೆಯ ಅಂಗಿ ತೊಟ್ಟ, ಮನೆಯಲ್ಲಿ ಮುದ್ದಿನಿಂದ ಬೆಳೆದ ಮಕ್ಕಳಂತೆಯೇ ಕಂಡರು. ಬೈಲೂರು ಬರುತ್ತಿದ್ದಂತೆ ಕಂಡಕ್ಟರ್ ಕ್ಯಾಸೆಟ್ ತಿರುಗಿಸಿದ. ಫೈಲನ್ನು ಎದೆಗೆ ಒತ್ತಿಕೊಂಡು, ಯಾರನ್ನೂ ನೋಡದೆ ಒಬ್ಬಳು ಹುಡುಗಿ ಹತ್ತಿದಳು. ನನಗೆ ಪರಿಚಯ ಬೇಕಾಗಲಿಲ್ಲ.

“ಬೆಲ್ಲ ಬಂತು ಮಾರಾಯ,” ಎಂದನೊಬ್ಬ.

“ಇಲ್ಲ ಅಂತ ಒಂದು ಸಲ ಹೇಳಿ ಪ್ರಫುಲ್ಲಾ, ನಮಗೆ ಅಷ್ಟೇ ಸಾಕು.”

ಸಿಳ್ಳೆ ಬಂತು. ಎದುರಿನ ಸೀಟಿನವರು ಕಿಟಕಿಯ ಹೊರಗೆ ನೋಡಿದರು. ನಾನು ಎದ್ದು ಕಂಬಿ ಹಿಡಿದು ಹಿಂದೆ ತಿರುಗಿದೆ. ಚೀಲದಿಂದ ಕಾರ್ಡುಗಳನ್ನು ತೆಗೆದೆ.

“ನಾನು ಉಡುಪಿಯ ಚಾನೆಲ್ಲಿನವಳು,” ಎಂದೆ. “ಕಾರ್ಡಿನ ವಿಳಾಸ ಸರಿ ಉಂಟಾ ಅಂತ ನೋಡಬೇಕಿತ್ತು.”

“ಓ, ಬಹುಮಾನ ಬಂತಾ ಅಕ್ಕ?”

ಹೆಸರು ಓದಿದೆ. ಒಬ್ಬೊಬ್ಬರೂ “ನಾನೇ” ಎಂದು ಕೈ ಎತ್ತಿದರು. ಕೊನೆಯವನು ಮನೆಗೆ ದಾರಿಯನ್ನೂ ಹೇಳಿದ, “ರೇಷನ್ ಅಂಗಡಿಯ ಎದುರಿನ ಗೇಟು, ಅಮ್ಮ ಯಾವಾಗಲೂ ಇರುತ್ತಾರೆ.”

“ಒಳ್ಳೆಯದಾಯಿತು,” ಎಂದೆ. “ಇದರಲ್ಲಿ ಬರೆದದ್ದನ್ನು ಅಮ್ಮನ ಎದುರು ಓದಬೇಕಾ, ಇಲ್ಲಿಯೇ ಓದಬೇಕಾ?”

ಮೂವರ ಮುಖವೂ ಇಳಿಯಿತು. ಹಾಡು ಮಾತ್ರ ನಡೆಯುತ್ತಿತ್ತು. ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬರು ಅಜ್ಜಿ ಹಿಂದೆ ತಿರುಗಿ, “ಇಲ್ಲಿಯೇ ಓದಿ ಮಗಾ, ನಮಗೂ ಹೊತ್ತು ಹೋಗಬೇಕಲ್ಲ,” ಎಂದರು. ಕಂಡಕ್ಟರ್ ಹೋಗಿ ಟೇಪ್ ಬಂದ್ ಮಾಡಿದ.

ಆಗ ಮಧ್ಯದವನು, ಧೈರ್ಯ ಕೂಡಿಸಿಕೊಂಡು, “ನಾವು ಬರೆದದ್ದು ತಪ್ಪಾದರೆ ಟಿವಿಯಲ್ಲಿ ಹಾಕಿದ್ದು ಎಂತ? ಊರಿಗೆಲ್ಲ ತೋರಿಸಿದ್ದು ನೀವಲ್ವಾ?” ಎಂದ.

ಇಡೀ ಬಸ್ಸು ನನ್ನನ್ನು ನೋಡುತ್ತಿತ್ತು. ಅವನ ಮಾತಿನಲ್ಲಿ ಸುಳ್ಳು ಇರಲಿಲ್ಲ.

“ಅದೂ ತಪ್ಪೇ. ಆ ಸಾಲನ್ನು ಬರೆದು ಕೊಟ್ಟವಳು ನಾನೇ,” ಎಂದೆ. “ಇವಳ ಅಮ್ಮ ಕೇಳಿದಾಗ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಇನ್ನು ನೀವು ಹೇಳಿ.”

ಮೂವರೂ ಹಿರಿಯಡ್ಕದಲ್ಲಿ ಇಳಿದುಹೋದರು. ನಾನು ಹತ್ತಿರದ ಸೀಟಿನಲ್ಲಿ ಕೂತೆ, ಅದು ಪ್ರಫುಲ್ಲಾಳ ಪಕ್ಕದ ಸೀಟಾಗಿತ್ತು. ಅವಳು ನನಗೆ ಕೃತಜ್ಞತೆ ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ. ಪರ್ಕಳ ದಾಟಿದ ಮೇಲೆ ಫೈಲಿನ ಮೇಲೆ ಕಣ್ಣಿಟ್ಟುಕೊಂಡೇ, “ನಾಳೆಯೂ ಬರುತ್ತೀರಾ?” ಎಂದು ಕೇಳಿದಳು.

“ಬರುತ್ತೇನೆ,” ಎಂದೆ.

ಆ ವಾರವಿಡೀ ನಿಮ್ಮ ಅಮ್ಮನನ್ನು ಪಕ್ಕದ ಮನೆಯಲ್ಲೇ ಇರಿಸಿ, ನಾನು ಅಕ್ಕನ ಮನೆಯಲ್ಲಿದ್ದು ಅದೇ ಬಸ್ಸಿನಲ್ಲಿ ಆಫೀಸಿಗೆ ಹೋದೆ. ಹುಡುಗರು ಎರಡು ದಿನ ಕಾಣಲಿಲ್ಲ, ಮೂರನೆಯ ದಿನ ಬಂದು ಮುಂದಿನ ಬಾಗಿಲಿನ ಹತ್ತಿರ ನಿಂತರು. ಹಾಡು ಮೂರು ವಾರದಲ್ಲಿ ಏಳನೆಯ ಸ್ಥಾನಕ್ಕೆ ಇಳಿದು ಆಮೇಲೆ ಪಟ್ಟಿಯಿಂದಲೇ ಹೋಯಿತು. ಪ್ರಫುಲ್ಲಾ ಪರೀಕ್ಷೆ ಬರೆದಳೆಂದು ಗಿರಿಜಕ್ಕ ಜನವರಿಯಲ್ಲಿ ಫೋನ್ ಮಾಡಿ ಹೇಳಿದರು. “ಬರೆದದ್ದು ನೀವೇ ಅಂತ ಮಗಳು ಹೇಳಿದಳು,” ಎಂದೂ ಹೇಳಿದರು. ಆಮೇಲೆ ಫೋನ್ ಇಟ್ಟರು.

2007ರಲ್ಲಿ ರಕ್ತ ಪರೀಕ್ಷೆಗೆಂದು ಮಣಿಪಾಲದ ಒಂದು ಲ್ಯಾಬಿಗೆ ಹೋದಾಗ ನನ್ನ ತೋಳಿಗೆ ರಬ್ಬರ್ ಕಟ್ಟಿದವಳು ಅವಳೇ. ನನ್ನನ್ನು ಗುರುತಿಸಿ ನಕ್ಕಳು. ಆದರೆ ಕೋಟಿನ ಮೇಲಿದ್ದ ಹೆಸರು ವಸುಧಾ.

“ಮದುವೆಯಲ್ಲಿ ಬದಲಾಯಿಸಿದ್ದು,” ಎಂದಳು. “ಗಂಡನ ಮನೆಯವರು ಕೇಳಿರಲಿಲ್ಲ. ನಾನೇ ಕೇಳಿ ಬದಲಾಯಿಸಿಕೊಂಡೆ.” ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದು, “ಈ ಹೆಸರಿನ ಹಾಡು ಯಾವುದೂ ಬಂದಿಲ್ಲ ಅಲ್ವಾ ಅಕ್ಕ? ನೀವು ಎಣಿಸಿದವರು,” ಎಂದಳು.

ತಮಾಷೆಗೆ ಕೇಳಿದ್ದಿರಬಹುದು. ನಾನು ಮಾತ್ರ ಐದು ವರ್ಷದ ಪಟ್ಟಿಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ, ಹೆದರಿಕೆಯಿಂದ.

ಮಕ್ಕಳೇ, ಆ ಹುಡುಗಿ ಓದು ಉಳಿಸಿಕೊಂಡಳು. ತಂದೆತಾಯಿ ಇಟ್ಟ ಹೆಸರನ್ನು ಉಳಿಸಿಕೊಳ್ಳಲಾಗಲಿಲ್ಲ. ಐದು ವರ್ಷ ನಾನು ಬೇಕು ಎಂದವರ ಕಾರ್ಡುಗಳನ್ನು ಎಣಿಸಿದೆ. ಬೇಡ ಎನ್ನುವವರು ಕಾರ್ಡು ಹಾಕುವ ಕ್ರಮವೇ ನಮ್ಮಲ್ಲಿ ಇರಲಿಲ್ಲ, ಅಂಥವರು ಇರಬಹುದೆಂದು ನನಗೆ ಹೊಳೆದೂ ಇರಲಿಲ್ಲ. ಈಗ ಯಾವ ಹಾಡು ಕೇಳಿದರೂ ಅದು ಎಷ್ಟು ಜನರಿಗೆ ಇಷ್ಟವಾಯಿತು ಎಂದು ನಾನು ಕೇಳುವುದಿಲ್ಲ. ಅದು ಶುರುವಾದಾಗ ಬಸ್ಸಿನಲ್ಲಿ ತಲೆ ತಗ್ಗಿಸಿದವರು ಯಾರು ಎಂದು ನೋಡುತ್ತೇನೆ. ನಿಮ್ಮ ಕಾಲೇಜಿನಲ್ಲಿ ಆ ಹಾಡು ಹಾಕುವುದಾದರೆ ಹಾಕಿ, ನಾನು ತಡೆಯುವವಳಲ್ಲ. ಹಾಕುವ ಮೊದಲು ಕ್ಲಾಸಿನಲ್ಲಿ ಪ್ರಫುಲ್ಲಾ ಎಂಬ ಹುಡುಗಿ ಇದ್ದಾಳೆಯೇ ಎಂದು ವಿಚಾರಿಸಿ. ಇದ್ದರೆ, ಮೊದಲು ಅವಳನ್ನು ಕೇಳಿ.