ಪೀಠ ಏಳುವವರೆಗೆ

ಇನ್ಯಾಂಗ್ ಎಂಬ ಹೊಸ ವಕೀಲೆಯನ್ನು ಹಿರಿಯ ವಕೀಲ ಎಫಿಯೋಂ ಆರ್ಚಿಬಾಂಗರು ಮೊದಲು ಕಂಡದ್ದು ಕಲಾಬಾರಿನ ಹೈಕೋರ್ಟಿನ ಮೂರನೆಯ ಕೋರ್ಟ್‌ಹಾಲಿನ ಬಾಗಿಲಲ್ಲಿ. ಅವರು ನೀರು ಕುಡಿದು ಒಳಗೆ ಬರುತ್ತಿದ್ದರು. ಆಕೆ ಗೌನು ಮುದುರಿಕೊಂಡು ಹೊರಗೆ ಜಾರುತ್ತಿದ್ದಳು.

“ಎಲ್ಲಿಗಮ್ಮ ಸವಾರಿ?”

“ನನ್ನ ಕೇಸು ಮುಂದಕ್ಕೆ ಹೋಯ್ತು, ಎಟೆ. ಹಸಿವು.”

“ಹಿಂದೆ ತಿರುಗಿ ನೋಡು. ವಕೀಲರ ಬೆಂಚಲ್ಲಿ ಯಾರಿದಾರೆ?”

“ಯಾರೂ ಇಲ್ಲ.”

“ಪೀಠದ ಮೇಲೆ?”

ನ್ಯಾಯಾಧೀಶೆ ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ಹುಡುಗಿ ನಾಲಿಗೆ ಕಚ್ಚಿಕೊಂಡಳು.

“ಜಡ್ಜು ಕೂತಿರೋವಾಗ ಎದುರಿಗೆ ಒಬ್ಬ ವಕೀಲನಾದರೂ ಇರಬೇಕಮ್ಮ. ಯಜಮಾನಿ ಇನ್ನೂ ಉಣ್ತಾ ಇರುವಾಗ ನೆಂಟರೆಲ್ಲ ಕೈ ತೊಳೆದು ಹೊರಟರೆ ಚೆನ್ನಾಗಿರುತ್ತಾ? ಹೋಗು, ಸುಟ್ಟ ಬಾಳೆಕಾಯಿ ತಿಂದು ಬಾ. ಈಗ ನಾನಿದೀನಲ್ಲ.”

ಆ ‘ನಾನಿದೀನಲ್ಲ’ ಎಂಬ ಮಾತು ವಕೀಲರ ಸಂಘಕ್ಕೆಲ್ಲ ಗೊತ್ತಿತ್ತು. ಊರಿಗೆಲ್ಲ ಅವರು ಎಟೆ, ಎಂದರೆ ಅಪ್ಪ. ತಮ್ಮ ಕೇಸು ಮುಗಿದವರು “ಎಟೆ ಇದಾರೆ ಬಿಡು” ಎಂದು ನಿಶ್ಚಿಂತೆಯಿಂದ ಹೋಗಿಬಿಡುವರು. ಎಟೆಗೆ ಬೇಸರವಿರಲಿಲ್ಲ. ಹೆಂಡತಿ ಆಫಿಯಾಂಗ್ ತೀರಿಕೊಂಡ ಮೇಲೆ ಮನೆಯಲ್ಲಿ ಎದ್ದರೂ ಕೂತರೂ ಕೇಳುವವರಿಲ್ಲ, ಮಕ್ಕಳಿರಲಿಲ್ಲ. ಕೋರ್ಟಿನಲ್ಲಿ ಸುಮ್ಮನೆ ಕೂತರೂ ಅದಕ್ಕೊಂದು ಅರ್ಥವಿತ್ತು.

ಕಾಲ ಬದಲಾಯಿತು. ಇನ್ಯಾಂಗ್ ಸಂಘದ ಕಾರ್ಯದರ್ಶಿಯಾದಳು. ದಾವೆಗಳನ್ನು ಮನೆಯಿಂದಲೇ ಸಲ್ಲಿಸುವುದು, ಹಳೆಯ ತೀರ್ಪುಗಳನ್ನು ಜಾಲತಾಣದಲ್ಲಿ ಹುಡುಕುವುದು, ಇವನ್ನೆಲ್ಲ ಹಿರಿಯರಿಗೆ ಕೂರಿಸಿಕೊಂಡು ಕಲಿಸಿದಳು. “ಈ ಗಾಜಿನ ಚೂರಲ್ಲಿ ಕಾನೂನು ಹುಡುಕಬೇಕಂತೆ!” ಎಂದು ಉಳಿದವರು ಗೊಣಗಿದರೆ, ಎಟೆ ಎಲ್ಲರಿಗಿಂತ ಮೊದಲೇ ಕಲಿತರು. ಯೌವನದಲ್ಲಿ ತಾವು ಗೆದ್ದ ಮೊಕದ್ದಮೆಯ ತೀರ್ಪು ತೆರೆಯ ಮೇಲೆ ಮೂಡಿದಾಗ ತಮ್ಮ ಹೆಸರನ್ನು ಮೆಲ್ಲನೆ ಬೆರಳಿನಿಂದ ಮುಟ್ಟಿದರು. ಮುಟ್ಟಿದ್ದೇ ತಡ, ಪುಟ ಹಾರಿಹೋಯಿತು. ಎಲ್ಲರೊಡನೆ ಅವರೂ ನಕ್ಕರು.

ಆಮೇಲೆ ಮಂಗಳವಾರದ ಸಣ್ಣಪುಟ್ಟ ವಿಚಾರಣೆಗಳು ಫೋನಿಗೇ ಬಂದವು. ಮೊದಲ ಮಂಗಳವಾರ ಎಟೆ ಗೌನು ತೊಟ್ಟು, ವಕೀಲರ ಕುದುರೆಕೂದಲಿನ ವಿಗ್ ಧರಿಸಿ, ಊಟದ ಮೇಜಿನ ಮುಂದೆ ಕೂತರು. ಅವರ ಕೇಸು ಬೇಗ ಮುಗಿಯಿತು. ಅವರು ಏಳಲಿಲ್ಲ. ತೆರೆಯ ಮೇಲಿನ ಮುಖಗಳು ಒಂದೊಂದಾಗಿ ಆರಿಹೋದವು. ಕೊನೆಗೆ ಉಳಿದದ್ದು ತಲೆ ತಗ್ಗಿಸಿ ಆದೇಶ ಬರೆಯುತ್ತಿದ್ದ ನ್ಯಾಯಾಧೀಶೆ, ಮತ್ತು ಅವರು. ಲೇಖನಿ ಕಾಗದದ ಮೇಲೆ ಸರಿಯುವ ಸದ್ದು ಕೇಳುತ್ತಿತ್ತು. ಬಹಳ ಕಾಲದ ಮೇಲೆ ಆ ಮನೆಯಲ್ಲಿ ಇನ್ನೊಬ್ಬರು ಕೂತಿದ್ದರು.

ಅಷ್ಟರಲ್ಲಿ ಕರೆಂಟು ಹೋಯಿತು. ಅದರೊಂದಿಗೆ ಇಂಟರ್‌ನೆಟ್ಟೂ ಹೋಯಿತು. ಎಟೆ ವಿಗ್ ಸಮೇತ ಓಡಿಬಂದು ಆಟೋ ಹತ್ತಿದರು.

ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಎಡೆಟ್ ಬಾಯಿ ಬಿಟ್ಟುಕೊಂಡು ನೋಡಿದ. “ಏನ್ ಎಟೆ, ಯಾರ ಮದುವೆ?”

“ನಾನಾಗಿ ಎದ್ದುಹೋಗಲಿಲ್ಲಪ್ಪ, ಕರೆಂಟು ಹೋಯ್ತು. ಪೀಠವನ್ನ ಒಂಟಿಯಾಗಿ ಬಿಟ್ಟಿದ್ದಕ್ಕೆ ಕ್ಷಮೆ ಕೇಳಿದೆ ಅಂತ ಮೈ ಲಾರ್ಡ್‌ಗೆ ಹೇಳು.”

“ಓ, ಅದಕ್ಕೇ ಕೂತಿದ್ರಾ? ಫೋನ್ ಆರಿಸೋಕೆ ಬರದೆ ಒದ್ದಾಡ್ತಿದೀರಿ ಅಂದ್ಕೊಂಡಿದ್ದೆ. ಇನ್ಮೇಲೆ ಅವರವರ ಕೇಸು ಮುಗಿದ ಕೂಡಲೇ ನಾನೇ ಹೊರಗೆ ಕಳಿಸ್ತೀನಿ, ಎಟೆ. ಕೇಸಿಲ್ಲದೋರಿಗೆ ಲಿಂಕೂ ಇಲ್ಲ.”

ಕೊನೆಯವರೆಗೆ ಒಬ್ಬ ವಕೀಲನನ್ನಾದರೂ ಇರಗೊಡಬೇಕೆಂದು ಎಟೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ವಿನಂತಿಸಿದರು. ಎರಡು ನಗುಮುಖಗಳು ಬಂದವು, ಒಂದು ಕೈಮುಗಿತ ಬಂತು. ಅದರ ಮೇಲೆ ಯಾರದೋ ಉತ್ತರಕ್ರಿಯೆಯ ಆಹ್ವಾನ ಬಿತ್ತು. ಇನ್ಯಾಂಗ್ ಫೋನು ಮಾಡಿದಳು.

“ಸಭೇಲಿ ಈ ವಿಷಯ ಎತ್ತಲಾ, ಎಟೆ?”

“ಬೇಡಮ್ಮ. ಫೋನಿನ ಬಾಗಿಲು ಮುಚ್ಚಿದಾರೆ, ಅಷ್ಟೇ. ಕೋರ್ಟಿಂದು ತೆಗೆದೇ ಇದೆಯಲ್ಲ.”

ಮುಂದಿನ ಮಂಗಳವಾರ ಅವರು ಮೂರನೆಯ ಹಾಲಿಗೇ ಹೋದರು. ದೀಪವಿಲ್ಲ, ಜನವಿಲ್ಲ. ಗೋಡೆಯಾಚೆಯ ಕೋಣೆಯಿಂದ, ಫೋನಿನ ಮುಖಗಳೊಡನೆ ಮಾತನಾಡುತ್ತಿದ್ದ ನ್ಯಾಯಾಧೀಶೆಯ ದನಿ ಅಸ್ಪಷ್ಟವಾಗಿ ಬರುತ್ತಿತ್ತು. ಎಟೆ ಮುಂದಿನ ಬೆಂಚಿನಲ್ಲಿ ಕೂತರು. ಮಧ್ಯಾಹ್ನ ದನಿ ನಿಂತಿತು. ಪೀಠದ ಪಕ್ಕದ ಬಾಗಿಲು ತೆರೆಯಿತು. ಅವರು ಎದ್ದು ನಿಂತರು.

“ಆರ್ಚಿಬಾಂಗರೇ, ಇವತ್ತು ನಿಮ್ಮ ಕೇಸಿಲ್ಲವಲ್ಲ?”

“ಇಲ್ಲ, ಮೈ ಲಾರ್ಡ್.”

“ಮತ್ತೆ ಯಾಕೆ ಕೂತಿದೀರಿ?”

“ಮೈ ಲಾರ್ಡ್ ಇನ್ನೂ ಎದ್ದಿರಲಿಲ್ಲ.”

ಆಕೆ ತುಂಬಿದ ಕೋರ್ಟಿಗೆ ಬಾಗುವಂತೆ ಅವರೊಬ್ಬರಿಗೆ ತಲೆಬಾಗಿ ಹೊರಟುಹೋದರು.

ನ್ಯಾಯಾಧೀಶೆಯ ಕೋಣೆಯಿಂದ ಕಾರಿಗೆ ಹಿಂಬಾಗಿಲಿನ ದಾರಿಯೇ ಹತ್ತಿರ. ಆದರೂ ಈಗ ಮಂಗಳವಾರಗಳಂದು ಆಕೆ ಮೂರನೆಯ ಕೋರ್ಟ್‌ಹಾಲಿನ ಮೂಲಕವೇ ಸುತ್ತಿಕೊಂಡು ಹೋಗುತ್ತಾರೆ. ಆಕೆ ತಲೆಬಾಗುತ್ತಾರೆ, ಎಟೆಯೂ ಬಾಗುತ್ತಾರೆ. ಮಾತಿಲ್ಲ, ಪೀಠಕ್ಕೂ ವಕೀಲನಿಗೂ ಹರಟೆ ಸಲ್ಲದು. ಬಾಗಿಲು ಮುಚ್ಚಿದ ಮೇಲೆ ಎಟೆ ವಿಗ್ ತೆಗೆದು ತಗಡಿನ ಡಬ್ಬಿಯಲ್ಲಿಡುತ್ತಾರೆ. ಗೇಟಿನ ಬಳಿ ಒಂದು ಸುಟ್ಟ ಬಾಳೆಕಾಯಿ ಕೊಳ್ಳುತ್ತಾರೆ. ಬೇಗ ಮುಗಿಯದಿರಲೆಂದು ಮೆಲ್ಲಗೆ ತಿನ್ನುತ್ತ ಮನೆಯ ಕಡೆ ನಡೆಯುತ್ತಾರೆ.